ಅಂಚೆಡಬ್ಬಿಯ ಆಚೆ

ಹದ್ದಿನ ಮರಿ ಗೂಡಿನಿಂದ ಬಿದ್ದಾಗ ಡೆಲ್ಬರ್ಟ್ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದ. ರಸ್ತೆಯಾಚೆ, ಮಿಸಿಸಿಪ್ಪಿ ನದಿಯ ದಡದ ಎತ್ತರದ ಮರದಲ್ಲಿದ್ದ ಆ ಗೂಡನ್ನು ಅವನು ಹಿಮ ಕರಗಿದಾಗಿನಿಂದ ನೋಡುತ್ತಲೇ ಇದ್ದ. ಬೇರೆ ಕೆಲಸವೂ ಇರಲಿಲ್ಲ. ಅವನ ಕಾಲಿಗೆ ಕೋರ್ಟಿನವರು ಕಟ್ಟಿಸಿದ ಯಂತ್ರವಿತ್ತು. ರಸ್ತೆಯಂಚಿನ ಅಂಚೆಡಬ್ಬಿ ದಾಟಿದರೆ ಪೊಲೀಸರಿಗೆ ಸುದ್ದಿ ಮುಟ್ಟುತ್ತಿತ್ತು. ಹಾಗಾದರೆ ಉಳಿದ ಶಿಕ್ಷೆಯೆಲ್ಲ ಜೈಲಿನಲ್ಲಿ. ಕಾಡು ಟರ್ಕಿಕೋಳಿಗಳು ಮಾತ್ರ ದಿನವೂ ಸಾಲಾಗಿ ಬಂದು, ಅಂಗಳ ಕೆದಕಿ, ಅದೇ ಡಬ್ಬಿಯ ಪಕ್ಕದಲ್ಲಿ ರಸ್ತೆ ದಾಟಿ ಹೋಗುತ್ತಿದ್ದವು. ಮನೆ ಅಕ್ಕ ಮ್ಯಾಕ್ಸೀನ್‌ಳದು. ಅವಳು ಕೆಲಸಕ್ಕೆ ಹೋದಮೇಲೆ ಮಾತಿಗೆ ಆ ಟರ್ಕಿಗಳೇ ಗತಿ.

ಮರಿ ರಸ್ತೆಬದಿಯ ಹುಲ್ಲಿನಲ್ಲಿ ಒಂದು ರೆಕ್ಕೆ ಎಳೆಯುತ್ತ ಕೂತಿತ್ತು. ಡೆಲ್ಬರ್ಟ್ ಪಕ್ಷಿಗಳ ಆಸ್ಪತ್ರೆಗೆ ಫೋನು ಮಾಡಿದ. ಬರುತ್ತೇವೆ, ಆದರೆ ದೂರವಿದೆ, ಅಲ್ಲಿಯವರೆಗೆ ಬಟ್ಟೆ ಮುಚ್ಚಿ ರಸ್ತೆಗೆ ಬಾರದಂತೆ ನೋಡಿಕೊಳ್ಳಿ ಎಂದರು. ಸರಿ ಎಂದುಬಿಟ್ಟ. ಆಮೇಲೆ ಕಾಲು ನೋಡಿಕೊಂಡ. ಅಷ್ಟರಲ್ಲಿ ಮರಿ ಕುಪ್ಪಳಿಸಿ ಡಾಂಬರಿಗೆ ಬಂದಿತ್ತು. ಮರಳಿನ ಲಾರಿಗಳು ಓಡಾಡುವ ರಸ್ತೆ.

ಆಗ ತಿರುವಿನ ಕಡೆಯಿಂದ ಇರ್ಮಾ ಬಂದಳು. ಡೆಲ್ಬರ್ಟ್ ಕುಡಿದು ಓಡಿಸಿದ ವ್ಯಾನು ಗುದ್ದಿದ್ದು ಅವಳ ಗಂಡ ಆರ್ವಿಲ್‌ನಿಗೆ. ಅಂದು ಹಾಸಿಗೆ ಹಿಡಿದವನು ಇನ್ನೂ ಎದ್ದಿರಲಿಲ್ಲ. ಈ ಮನೆಯ ಮುಂದೆ ಹಾಯುವಾಗ ಇರ್ಮಾ ಮುಖವನ್ನು ನದಿಯ ಕಡೆ ತಿರುಗಿಸಿಕೊಂಡೇ ನಡೆಯುತ್ತಿದ್ದಳು.

"ಇರ್ಮಾ," ಎಂದ. "ನನಗೇನೂ ಬೇಡ. ಆ ಮರೀನ ನೋಡಿ. ನಾನು ಅಲ್ಲಿಗೆ ಬರೋ ಹಾಗಿಲ್ಲ."

ಅವಳು ಮರಿಯನ್ನು ನೋಡಿದಳು. ಅವನ ಕಾಲನ್ನೂ ನೋಡಿದಳು.

"ದಾಟಿದ್ರೆ ಒಳಗೆ ಹಾಕ್ತಾರೆ, ಅಲ್ವಾ?"

"ಹೌದು."

"ಹಾಗಾದ್ರೆ ದಾಟು."

ಅವಳ ದನಿಯಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ. ದೂರದಲ್ಲಿ ಲಾರಿಯ ಸದ್ದು ಕೇಳಿಸಿತು. ಡೆಲ್ಬರ್ಟ್ ಹಗ್ಗದ ಮೇಲಿದ್ದ ಒದ್ದೆ ದುಪ್ಪಟಿ ಎಳೆದುಕೊಂಡು ರಸ್ತೆಯತ್ತ ನಡೆದ. ಡಬ್ಬಿಯ ಹತ್ತಿರ ಬಂದರೂ ಅವನ ನಡಿಗೆ ನಿಧಾನವಾಗಲಿಲ್ಲ.

"ನಿಲ್ಲು," ಎಂದಳು ಇರ್ಮಾ. "ಅದನ್ನ ಇತ್ತ ಎಸಿ."

ಅವನು ಎಸೆದ ದುಪ್ಪಟಿಯನ್ನು ಮರಿಯ ಮೇಲೆ ಹಾಕಿ, ಉಗುರಿಗೆ ಸಿಗದಂತೆ ಸುತ್ತಿ, ಹುಲ್ಲಿಗೆ ಎಳೆದು ತಂದಳು. ಲಾರಿ ಧೂಳೆಬ್ಬಿಸಿ ಹೋಯಿತು. ತಲೆಯ ಮೇಲೆ ತಾಯಿ ಹದ್ದು ಸುತ್ತುತ್ತಿತ್ತು. ಇನ್ನು ಹೊರಡುತ್ತಾಳೆ ಎಂದುಕೊಂಡರೆ ಅವಳು ಅಲ್ಲೇ, ಗಂಟಿನ ಪಕ್ಕದಲ್ಲಿ ಕೂತುಬಿಟ್ಟಳು.

"ಆರ್ವಿಲ್ ಕಾಯ್ತಿರ್ತಾರೆ," ಎಂದ ಡೆಲ್ಬರ್ಟ್.

"ಕಾಯ್ತಾನೆ. ಅವನಿಗೆ ದಿನವೆಲ್ಲ ಅದೇ ಕೆಲಸ." ಹುಲ್ಲು ಕೀಳುತ್ತ ಕೇಳಿದಳು, "ನಿನ್ನ ಶಿಕ್ಷೆ ಎಲ್ಲೀವರೆಗೆ?"

"ಅಕ್ಟೋಬರ್‌ವರೆಗೆ."

"ಅಕ್ಟೋಬರ್." ಅವಳು ನಿಧಾನವಾಗಿ ಹೇಳಿಕೊಂಡಳು. "ಇಂಥ ತಿಂಗಳಿಗೆ ಮುಗಿಯುತ್ತೆ ಅಂತ ಹೇಳೋಕಾದ್ರೂ ನಿನಗಿದೆ. ನನಗೆ ಅದೂ ಇಲ್ಲ."

ಕ್ಷಮೆ ಕೇಳಬೇಕೆಂದು ಎಷ್ಟೋ ದಿನದಿಂದ ಜೋಡಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ಈಗ ಹುಡುಗಾಟದಂತೆ ಕಂಡವು. ಅವನು ಡಬ್ಬಿಯ ಈಚೆ ನಿಂತಿದ್ದ, ಅವಳು ಆಚೆ ಕೂತಿದ್ದಳು. ಆಸ್ಪತ್ರೆಯವರು ಬರುವವರೆಗೂ ಇಬ್ಬರೂ ಹಾಗೆಯೇ ಮರಿಯನ್ನು ಕಾದರು.

ಮರಿಯನ್ನು ಒಯ್ದಮೇಲೆ ಇರ್ಮಾ ಲಂಗದ ಹುಲ್ಲು ಕೊಡವಿಕೊಂಡು ಹೊರಟಳು. ತಿರುವಿನಲ್ಲಿದ್ದ ಅವಳ ಮನೆ ಡೆಲ್ಬರ್ಟ್‌ನ ಅಂಗಳದಿಂದಲೇ ಕಾಣುತ್ತಿತ್ತು. ಗೇಟಿನ ಚಿಲಕದ ಮೇಲೆ ಕೈಯಿಟ್ಟವಳು ಹಾಗೆಯೇ ನಿಂತಳು. ಒಳಗೆ, ಆರ್ವಿಲ್‌ನ ಹಾಸಿಗೆಯ ಬದಿಯ ಕಿಟಕಿಯಲ್ಲಿ, ಪರದೆ ಒಮ್ಮೆ ಅಲುಗಿತು. ಅವಳು ಇನ್ನೂ ನಿಂತೇ ಇದ್ದಳು.