ಅಂಗೈಯಲ್ಲಿ ನಡುಗಿದ ನಕ್ಷತ್ರ

ಅಂಗೈಯ ಅಳತೆಗೆ ಇಳಿದುಬಂದ ಅಳತೆಯಿಲ್ಲದ ಬೆಳಕೇ, ಹೇಳುವ ನಾಲಗೆಯನ್ನೂ ಕೇಳುವ ಕಿವಿಯನ್ನೂ ಒಂದೇ ಉಸಿರಿನಿಂದ ಹೊರೆಯುವ ಪರಶಿವನೇ, ಮೊದಲಿಗೆ ನಿನಗೆ ಶರಣು. ಎಡವಿದವನೊಬ್ಬನ ಕಥೆಯನ್ನು ಹೇಳಹೊರಟಿರುವ ಈ ನಾಲಗೆಗೆ ತಾಯಿಯ ಮೆಲುಪನ್ನು ಕೊಡು.

ಆಳಂದ ತಾಲೂಕಿನ ನರೋಣಾದಲ್ಲಿ ಚಂದ್ರಾಮಪ್ಪ ಮಾಸ್ತರರು ಇಪ್ಪತ್ತೆಂಟು ವರ್ಷ ಸಾಲೆ ಕಲಿಸಿದವರು. ಊರಿಗೆ ವಿದ್ಯುದ್ದೀಪ ಬಂದು ಮೂರು ವರ್ಷವಾಗಿದ್ದರೂ ಅವರ ಪೂಜೆಯ ಕೋಣೆಯಲ್ಲಿ ಉರಿಯುತ್ತಿದ್ದುದು ತುಪ್ಪದ ದೀಪವೇ. ಮುಂಜಾನೆ ಮಿಂದು, ವಿಭೂತಿ ಧರಿಸಿ, ಕೊರಳ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿರಿಸಿ ಕಣ್ಣ ಮಟ್ಟಕ್ಕೆ ಎತ್ತಿದರೆಂದರೆ, ಲಿಂಗಕ್ಕೆ ಲೇಪಿಸಿದ ಕರಿಯ ಕಂತಿಯ ಹೊಳಪಿನಲ್ಲಿ ದೀಪದ ಬಿಂಬವೊಂದು ಚುಕ್ಕೆಯಾಗಿ ಮೂಡುತ್ತಿತ್ತು. ಎವೆಯಿಕ್ಕದೆ ನೋಡುತ್ತಿದ್ದರೆ ಗೋಡೆಗಳು ಕರಗುತ್ತಿದ್ದವು, ಮೈ ಹಗುರಾಗುತ್ತಿತ್ತು. ಭೀಮೆಯ ಮಡುವಿನಲ್ಲಿ ಒಂಟಿ ನಕ್ಷತ್ರ ನಿಂತಂತೆ ಆ ಚುಕ್ಕೆಯೊಂದೇ ಉಳಿಯುತ್ತಿತ್ತು.

ಆ ಶ್ರಾವಣದಲ್ಲಿ ನಕ್ಷತ್ರ ನಡುಗತೊಡಗಿತು.

ಗಾಳಿಯಿರಬೇಕೆಂದು ಮಾಸ್ತರರು ಕಿಟಕಿ ಮುಚ್ಚಿದರು. ಬತ್ತಿ ಸರಿಯಿಲ್ಲವೆಂದು ಹೆಂಡತಿ ಗೌರಾಬಾಯಿಯಿಂದ ಹೊಸ ಬತ್ತಿ ಹೊಸೆಸಿದರು. ಬಾಗಿಲ ಸಂದಿಗೂ ಅರಿವೆ ತುರುಕಿದಾಗ ಆಕೆ ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಗಾಳಿ ಎಲ್ಲೈತ್ರಿ? ಮೂಲ್ಯಾಗಿನ ಜೇಡರ ಬಲಿ ಸುದ್ದಾ ಅಲಗಾಡವಲ್ದು.”

ಮಾಸ್ತರರು ಅರಿವೆಯನ್ನು ಇನ್ನಷ್ಟು ಒಳಗೆ ಒತ್ತಿದರು. ಜೋಳದ ಚೀಲಗಳ ಹಿಂದೆ ದಾರುವಿನ ಬಾಟಲಿ, ವಾಸನೆ ಮುಚ್ಚಲು ಬಾಯಲ್ಲಿ ಲವಂಗ: ಇದು ಅವರ ಏಳು ವರ್ಷದ ಗುಟ್ಟು. ನಿದ್ದೆಗೆಂದು ಸಂಜೆ ಒಂದು ಬಟ್ಟಲಿನಿಂದ ಮೊದಲಾದದ್ದು ಈಗ ಬಾಟಲಿಯ ತಳ ಕಾಣದೆ ತಣಿಯುತ್ತಿರಲಿಲ್ಲ. ತಾನು ಬೀದಿಯಲ್ಲಿ ಬಿದ್ದವನಲ್ಲ, ಸಾಲೆ ತಪ್ಪಿಸಿದವನಲ್ಲ, ಆದುದರಿಂದ ಕುಡುಕನಲ್ಲ ಎಂಬುದು ಅವರ ತರ್ಕ. ತರ್ಕಶಾಸ್ತ್ರದಲ್ಲಿ ಇಂಥ ಹುಸಿ ಕಾರಣಕ್ಕೆ ಹೇತ್ವಾಭಾಸವೆನ್ನುತ್ತಾರೆ. ಆದರೆ ತನ್ನ ತರ್ಕಕ್ಕೆ ಆ ಹೆಸರಿಡುವವರು ಯಾರು?

ಒಂದು ಸೋಮವಾರ ಲಿಂಗವು ಬೆರಳ ತುದಿಯವರೆಗೆ ಜಾರಿತು. ಕೈಯಿಂದ ಲಿಂಗ ನೆಲಕ್ಕೆ ಬಿದ್ದರೆ ತನ್ನ ಉಸಿರೇ ಬಿದ್ದಂತೆ ಎಂದು ನಂಬಿದ ಜೀವ ಅದು. ಅಂದಿನಿಂದ ಎಲ್ಲ ಭಯವೂ ಆ ಬೆರಳ ತುದಿಯಲ್ಲೇ ಕೂತಿತು. ಕಂತಿಯೇ ಸೀಳಿರಬೇಕೆಂದು ನಿಶ್ಚಯಿಸಿ, ಹೆಂಡತಿಯೊಡನೆ ಜೇವರ್ಗಿಯ ಬಸ್ಸು ಹಿಡಿದು, ಅಲ್ಲಿಂದ ಅಂದೋಲಾಕ್ಕೆ ಹೋದರು. ದಾರಿಯುದ್ದಕ್ಕೂ ತೊಗರಿಯ ಹಸಿರು ತೇಲಿಬಂದು ತೇಲಿಹೋಯಿತು. ತೂಕಡಿಕೆಯಲ್ಲಿ ಅವರಿಗೆ ಹೊಲಗಳೆಲ್ಲ ನೀರಾಗಿ, ನೀರೆಲ್ಲ ನಡುಗುವ ಚುಕ್ಕೆಗಳಾಗಿ ಕಂಡವು.

ಅಂದೋಲಾದ ಸಾಬಮ್ಮ ಜಂಗಮ ಮನೆತನದವಳು, ಎಂಬತ್ತರ ಮುದುಕಿ. ದೀಪದ ಮಸಿ ಅರೆದು ಲಿಂಗಗಳಿಗೆ ಕಂತಿ ಹಚ್ಚುವುದು ಅವಳ ಕಾಯಕ.

“ಕಂತಿ ಸೀಳ್ಯಾದ ಯವ್ವಾ. ಚುಕ್ಕಿ ನಿಲ್ಲವಲ್ದು,” ಎಂದರು ಮಾಸ್ತರರು.

ಮುದುಕಿ ಲಿಂಗವನ್ನು ಕಣ್ಣಿಗೊತ್ತಿಕೊಂಡು ತಿರುಗಿಸಿ ನೋಡಿದಳು. “ಸೀಳೇನೂ ಇಲ್ಲ. ಕನ್ನಡಿ ಇದ್ದಂಗದ.” ದೀಪದೆದುರು ಅದನ್ನು ತನ್ನ ಸುಕ್ಕುಗಟ್ಟಿದ ಅಂಗೈಯಲ್ಲಿಟ್ಟಳು. ನಕ್ಷತ್ರ ಮೂಡಿತು, ನಿಂತಿತು. ಆಮೇಲೆ ಅದನ್ನು ಮಾಸ್ತರರ ಅಂಗೈಗಿಟ್ಟಳು. ಗಾಳಕ್ಕೆ ಸಿಕ್ಕ ಮೀನಿನಂತೆ ಅದು ಒದ್ದಾಡಿತು.

“ಮಾಸ್ತರಾ, ನನ್ನ ಗಂಡನೂ ಲವಂಗ ತಿಂತಿದ್ದ. ಹಲ್ಲಿನ ಬ್ಯಾನಿ ಅಂತಿದ್ದ. ಸಾಯೂಮುಂದ ಬಾಯಾಗ ಒಂದು ಹಲ್ಲಿರಲಿಲ್ಲ, ಲವಂಗ ಮಾತ್ರ ಇತ್ತು.”

ಗೌರಾಬಾಯಿ ನಕ್ಕುಬಿಟ್ಟಳು, ನಗುತ್ತಲೇ ಸೆರಗು ಕಣ್ಣಿಗೇರಿತು. ಏಳು ವರ್ಷದ ಗುಟ್ಟು ಆಕೆಗೆ ಏಳು ವರ್ಷದಿಂದ ಗೊತ್ತಿತ್ತೆಂಬುದು ಮಾಸ್ತರರಿಗೆ ಆಗ ತಿಳಿಯಿತು.

“ಯವ್ವಾ,” ಎಂದರು ಅವರು ತಗ್ಗಿದ ದನಿಯಲ್ಲಿ, “ಸೋಮವಾರ ಲಿಂಗ ಜಾರಿದ ಮ್ಯಾಲ, ಚೀಲದ ಹಿಂದ ಹೋಗಿ ಒಂದು ಗುಟುಕು ತಗೊಂಡೆ. ಚುಕ್ಕಿ ನಿಂತಿತು. ದೇವರ ಮುಂದ ಕೂಡಾಕ ನನಗ ದಾರು ಬೇಕಾತು. ನಾ ಪಾಪಿ.”

“ಪಾಪದ ಮಾತು ಶಿವಗ ಬಿಡು. ಇದು ಬ್ಯಾನಿ. ಮುಂಜಾನಿ ಕೈ ನಿಲ್ಲಾಕ ದಾರು ಬೇಕಾತಂದ್ರ, ಇನ್ನ ನೀ ಒಬ್ಬನ ಕೈಲಿ ಆಗೂ ಕೆಲಸಲ್ಲ. ಜೇವರ್ಗಿ ದವಾಖಾನಿಗಿ ನಡಿ.”

“ಇವತ್ತಽ ಬಿಡ್ತೇನಿ. ಲಿಂಗ ಮುಟ್ಟಿ ಆಣಿ ಮಾಡ್ತೇನಿ!”

“ಆಣಿ ಬ್ಯಾಡ. ಹಿಂದ ಬಿಟ್ಟು ನೋಡೀಯೇನು?”

ಗೌರಾಬಾಯಿ ಹೇಳಿದಳು: “ಯುಗಾದಿಗಿ ಎರಡು ದಿನ ಬಿಟ್ಟಿದ್ರು. ಮೈಯೆಲ್ಲ ಬೆವರು. ಗ್ವಾಡಿ ಮ್ಯಾಲ ಇರುವಿ ಹರ್ಯಾಕತ್ತಾವ ಅಂತಿದ್ರು. ಒಂದೂ ಇರಲಿಲ್ಲರಿ.”

“ನಮ್ಮಂವ ಹಂಗಽ ಒಮ್ಮೆಲೇ ಬಿಟ್ಟ. ಮೂರನೇ ದಿನ ಸೆಟದು ಬಿದ್ದಂವ ಏಳಲಿಲ್ಲ.” ಮುದುಕಿ ತನ್ನ ಅಂಗೈಯನ್ನು ಮಾಸ್ತರರ ಅಂಗೈಯ ಕೆಳಗೆ ಚಾಚಿದಳು. ನಕ್ಷತ್ರದ ಒದ್ದಾಟ ತುಸು ತಗ್ಗಿತು. “ಕೆಳಗ ಇನ್ನೊಂದು ಕೈ ಬೇಕು ತಮ್ಮಾ.”

ಜೇವರ್ಗಿಯ ವೈದ್ಯರು ಗದರಲಿಲ್ಲ, ಕೇಳಿದರು. ಮೊದಲಿಗಿಂತ ಹೆಚ್ಚು ಬೇಕಾಗುತ್ತಿದೆಯೇ? ಬಚ್ಚಿಟ್ಟು ಕುಡಿಯುವಿರಾ? ಬಿಡಲು ಹೋಗಿ ಸೋತಿರಾ? ಬೆಳಗಿನ ನಡುಕ ಕುಡಿದರೆ ನಿಲ್ಲುವುದೇ? ನಾಲ್ಕಕ್ಕೂ ಮಾಸ್ತರರು “ಹೌದ್ರಿ” ಎಂದರು. ನಾಲ್ಕನೆಯದನ್ನು ಹೇಳುವಾಗ ಎದೆಯ ಮೇಲಿನ ಕಲ್ಲು ಸರಿದಂತಾಯಿತು. ಇಂಥ ದೇಹ ಒಮ್ಮೆಲೇ ಬಿಟ್ಟರೆ ಸೆಳವು ಬಂದು ಪ್ರಾಣಕ್ಕೆ ಎರವಾದೀತು, ಇಲ್ಲೇ ಔಷಧಿಯ ಕಾವಲಿನಲ್ಲಿ ಬಿಡಬೇಕು ಎಂದು ವೈದ್ಯರು ಅವರನ್ನು ಇರಿಸಿಕೊಂಡರು.

ಆ ದಿನಗಳು ಮಂಜಿನೊಳಗೆ ನಡೆದಂತೆ ಕಳೆದವು. ಇರುವೆಗಳು ಬಂದವು, ಹೋದವು. ಒಂಬತ್ತನೆಯ ಬೆಳಗು ದಾದಿ ಖಾಸೀಂಬಿ ಹಣತೆ ತಂದಿಟ್ಟಳು. “ಮಾಸ್ತರ್ ಸಾಬ್, ಕಿಟಕಿ ಹಾಕಲೇನ್ರಿ? ಗಾಳಿ ಅದ.”

“ಇರಲಿ ಬಿಡವ್ವ. ಗಾಳೀದೇನೂ ತಪ್ಪಿಲ್ಲ.”

ಗೌರಾಬಾಯಿಯ ಅಂಗೈ ಕೆಳಗೆ, ಅದರ ಮೇಲೆ ಅವರ ಅಂಗೈ, ಅದರ ಮೇಲೆ ಲಿಂಗ. ನಕ್ಷತ್ರ ಇನ್ನೂ ತುಸು ಅಲುಗುತ್ತಿತ್ತು, ಹರಿವ ನೀರಿನಲ್ಲಿರುವ ನಕ್ಷತ್ರದಂತೆ. ಆಕೆ ಮೆಲ್ಲನೆ ಕೈ ಸರಿಸಹೋದಳು.

“ತೆಗೀಬ್ಯಾಡ ಬೇ,” ಎಂದರು ಮಾಸ್ತರರು, ಏಳು ವರ್ಷದಲ್ಲಿ ಮೊದಲ ಸಲ ಏನನ್ನೋ ಬೇಡುತ್ತ. “ಇನ್ನೊಂದೀಟು ಹಿಡಕೋ.”

ಈ ಕಥೆಯನ್ನು ಕೇಳಿದವರ ಕೈಗಳು ನಡುಗದಿರಲಿ. ನಡುಗಿದರೆ ಗಾಳಿಯನ್ನು ದೂರದೆ ಕೈ ಚಾಚುವ ಧೈರ್ಯ ಬರಲಿ. ಚಾಚಿದ ಕೈಯ ಕೆಳಗೆ ಇನ್ನೊಂದು ಕೈ ತಪ್ಪದೆ ಬರಲಿ. ಎಲ್ಲರ ಮನೆಯ ದೀಪವೂ ತಂಪಾಗಿ ಉರಿಯಲಿ, ಶಿವನು ಎಲ್ಲರನ್ನೂ ಹರಸಲಿ.