ಬಾನೋಗ್ ಯಾಕೆ ಬೆದೆಗೆ ಬರಲಿಲ್ಲ?

ಓರಗಿತ್ತಿ ಅಟ್ರಾಕ್ಟಾಳ ಕುದುರೆ ಮಾರ್ಚ್ ಮುಗಿಯುವ ಮೊದಲೇ ಮರಿ ಹಾಕಿತು ಎಂದು ಕೇಳಿದ ದಿನ ನೋರೀನ್‌ಗೆ ಊಟ ಸೇರಲಿಲ್ಲ. ಸತತ ಮೂರನೆಯ ವರ್ಷ! ಕಲ್ಲುಗೋಡೆಯ ಆಚೆ ಮರಿ ಕುಣಿಯುತ್ತಿತ್ತು. ಈಚೆ ನೋರೀನ್‌ಳ ಹೆಣ್ಣು ಕುದುರೆ ಬಾನೋಗ್ ಗಬ್ಬವಿಲ್ಲದೆ ಮೇವು ಮೆಲ್ಲುತ್ತಿತ್ತು. ಬಾನೋಗ್‌ಗೆ ಹದಿನೈದು ವರ್ಷ, ಮರಿ ಹಾಕುವ ವಯಸ್ಸು ಮೀರುತ್ತಿತ್ತು. ಅತ್ತೆ ಸಾಯುವ ಮುಂಚೆ ನೋರೀನ್‌ಳ ಕೈಗೆ ಕೊಟ್ಟುಹೋದ ತಳಿ ಅದು. ಈ ಬೇಸಿಗೆ ಗಬ್ಬ ನಿಲ್ಲದಿದ್ದರೆ ತಳಿ ಇಲ್ಲಿಗೇ ಮುಗಿದಂತೆ.

"ಅವಳ ಕಣ್ಣೇ ಬಿದ್ದಿದೆ" ಎಂದಳು ಗಂಡನಿಗೆ. "ಮೂರು ವರ್ಷದ ಹಿಂದೆ ಕ್ರಿಸ್‌ಮಸ್‌ಗೆ ಬಂದಾಗ ಬಾನೋಗ್ ಎಷ್ಟು ಚೆಂದ ಅಂದ್ಲು. ಹೊಗಳಿದ ಮೇಲೆ ದೃಷ್ಟಿ ತಾಗದಂತೆ 'ದೇವರು ಹರಸಲಿ' ಅನ್ನಬೇಕು, ಅನ್ನಲೇ ಇಲ್ಲ!"

"ಮರೆತಿರಬೇಕು ಕಣೇ" ಎಂದ ಕೋಲ್ಮನ್.

"ಮರೆಯೋಳಾ ಅವಳು? ಲಾಯಕ್ಕೂ ದೀಪ ಹಾಕಿಕೊಂಡು ಮೆರೀತಾಳೆ ನೋಡು. ಕುದುರೆ ಏನು ಪೇಪರ್ ಓದುತ್ತಾ?"

ಅಟ್ರಾಕ್ಟಾಳ ಲಾಯದಲ್ಲಿ ಡಿಸೆಂಬರ್‌ನಿಂದಲೇ ಸಂಜೆ ದೀಪ ಉರಿಯುತ್ತಿತ್ತು. ಅದನ್ನು ಕಂಡಾಗಲೆಲ್ಲ ನೋರೀನ್‌ಳ ಹೊಟ್ಟೆ ಉರಿಯುತ್ತಿತ್ತು. ದೃಷ್ಟಿ ತಾಗಬಾರದೆಂದು ಅವಳು ಮೂರು ವರ್ಷದ ಹಿಂದಿನ ಜನವರಿಯಲ್ಲೇ ತನ್ನ ಲಾಯದ ಕಿಟಕಿಗೆ ಹಲಗೆ ಹೊಡೆದಿದ್ದಳು. ಬಾನೋಗ್‌ಗೆ ಹೊರಗಿನ ಗಾಳಿ ಸಿಗುತ್ತಿದ್ದುದು ಮುಸ್ಸಂಜೆಯಲ್ಲಿ, ಅದೂ ಅರ್ಧ ಗಂಟೆ.

ಮೇ ತಿಂಗಳಲ್ಲಿ ಪಕ್ಕದೂರಿನ ಬೀಜದ ಕುದುರೆಯ ಹತ್ತಿರ ಕರೆದೊಯ್ದರೆ ಬಾನೋಗ್ ಕಿವಿ ಹಿಂದಕ್ಕೆ ಮಡಚಿ ಒದ್ದೇಬಿಟ್ಟಿತು. ನೋರೀನ್ ಅಳುತ್ತ ಪಶುವೈದ್ಯೆ ಫಿಡೆಲ್ಮಾಳನ್ನು ಕರೆಸಿದಳು. ಫಿಡೆಲ್ಮಾ ಸ್ಕ್ಯಾನ್ ಮಾಡಿ ನೋಡಿದಳು.

"ರೋಗ ಏನಿಲ್ಲ ನೋರೀನ್. ಅಂಡಾಶಯ ನಿದ್ದೆ ಮಾಡ್ತಿದೆ, ಅಷ್ಟೇ. ಈ ಕಿಟಕಿ ಯಾಕೆ ಮುಚ್ಚಿದ್ದೀರಿ?"

"ಅದು... ಗಾಳಿ ಜಾಸ್ತಿ ಅಂತ."

"ಕತ್ತಲೇ ನಿಮಗೆ ಮುಳುವಾಗಿದೆ."

"ಬೆಳಕಿಗೂ ಗಬ್ಬಕ್ಕೂ ಏನ್ರೀ ಸಂಬಂಧ? ನನ್ನ ತಲೆ ಸವರಬೇಡಿ."

ಫಿಡೆಲ್ಮಾ ನಕ್ಕಳು. "ಕತ್ತಲಿದ್ದಾಗ ಕುದುರೆ ತಲೆಯಲ್ಲಿ ಒಂದು ಹಾರ್ಮೋನು ಹೆಚ್ಚುತ್ತೆ. ಚಳಿಗಾಲ ಇದು, ಮರಿ ಬೇಡ ಅನ್ನುತ್ತೆ. ಹಗಲು ಉದ್ದ ಆದರೆ ಅದು ಇಳಿಯುತ್ತೆ. ಆಗ ಮಿದುಳು ಅಂಡಾಶಯಕ್ಕೆ ಏಳು ಅಂತ ಹೇಳಿಕಳಿಸುತ್ತೆ. ನಿಮ್ಮ ಬಾನೋಗ್‌ಗೆ ಇನ್ನೂ ಡಿಸೆಂಬರೇ! ಅಟ್ರಾಕ್ಟಾ ದೀಪ ಹಾಕೋದು ಮೆರೆಯೋಕಲ್ಲ. ಹಗಲೂ ದೀಪವೂ ಸೇರಿ ದಿನಕ್ಕೆ ಹದಿನಾರು ಗಂಟೆ ಬೆಳಕು ಸಿಗಲಿ ಅಂತ."

ನೋರೀನ್‌ಗೆ ನಾಚಿಕೆಗಿಂತ ಸಿಟ್ಟೇ ಹೆಚ್ಚು ಬಂತು. ಇದನ್ನೂ ಅಟ್ರಾಕ್ಟಾಳೇ ಮೊದಲು ತಿಳಿದುಕೊಂಡಿದ್ದಳಲ್ಲ!

"ಬಯಲಿಗೆ ಬಿಡಿ" ಎಂದಳು ಫಿಡೆಲ್ಮಾ. "ಎರಡು ತಿಂಗಳು ಹಿಡಿಯಬಹುದು. ಆಮೇಲೆ ಸುಮಾರು ಇಪ್ಪತ್ತೊಂದು ದಿನಕ್ಕೊಮ್ಮೆ ಬೆದೆ, ಐದಾರು ದಿನ ಇರುತ್ತೆ. ಅಂಡ ಬಿಡುಗಡೆ ಆಗೋದು ಕೊನೆಯ ಒಂದೆರಡು ದಿನದಲ್ಲಿ. ಅದು ಮುಗಿದರೆ ಬೇರೆ ಹಾರ್ಮೋನು ಏರಿ ಮತ್ತೆ ಒದೆಯೋದೇ. ಅದಕ್ಕೇ ದಿನ ಬಿಟ್ಟು ದಿನ ಗೋಡೆ ಆಚೆ ಒಂದು ಗಂಡು ಕುದುರೆ ನಿಲ್ಲಿಸಿ ನೋಡಬೇಕು. ಬಾಲ ಎತ್ತಿ ಉಚ್ಚೆ ಹೊಯ್ದು ಸುಮ್ಮನೆ ನಿಂತರೆ ಬೆದೆ."

ಊರಲ್ಲಿ ಗಂಡು ಕುದುರೆ ಇದ್ದದ್ದು ಅಟ್ರಾಕ್ಟಾಳ ಮನೆಯಲ್ಲಿ ಮಾತ್ರ; ತಳಿಗಲ್ಲ, ಬೆದೆ ನೋಡಲು ಇಟ್ಟದ್ದು. ನೋರೀನ್ ಮೂರು ದಿನ ಒಳಗೊಳಗೇ ಕುದ್ದಳು. ನಾಲ್ಕನೆಯ ದಿನ ಗೋಡೆಯ ಬಳಿ ಹೋಗಿ ನಿಂತಳು.

"ಅಟ್ರಾಕ್ಟಾ, ನಿನ್ನ ಗಂಡು ಕುದುರೇನ ಒಂದಿಷ್ಟು ಇಲ್ಲಿ ನಿಲ್ಲಿಸ್ತೀಯಾ?"

"ಕೇಳೋಕೆ ಇಷ್ಟು ವರ್ಷ ಬೇಕಾಯ್ತಾ ಅಕ್ಕಾ?"

ಮಾತು ಚುಚ್ಚಿತು. ಆದರೂ ನೋರೀನ್ ಹಲ್ಲು ಕಚ್ಚಿ ದಿನ ಬಿಟ್ಟು ದಿನ ಬಂದಳು. ತಾರೀಖುಗಳನ್ನು ಕ್ಯಾಲೆಂಡರಿನಲ್ಲಿ ಬರೆದಳು. ಜುಲೈ ನಡುವಿನಲ್ಲಿ ಒಂದು ಬೆಳಗ್ಗೆ ಬಾನೋಗ್ ಬಾಲ ಎತ್ತಿ ನಿಂತಿತು. ಫಿಡೆಲ್ಮಾ ಸ್ಕ್ಯಾನ್ ಮಾಡಿ ಹೇಳಿದ ದಿನವೇ ಬೀಜದ ಕುದುರೆಗೆ ಬಿಟ್ಟರು.

ಹದಿನಾರನೆಯ ದಿನ ಸ್ಕ್ಯಾನಿನ ಪರದೆಯಲ್ಲಿ ಸಣ್ಣ ನೆಲ್ಲಿಕಾಯಿಯಷ್ಟು ಕಪ್ಪು ಗುಂಡು ಕಂಡಿತು. "ಒಂದೇ ಇದೆ, ಅವಳಿ ಅಲ್ಲ; ಅವಳಿ ಆದರೆ ಎರಡೂ ಉಳಿಯೋದು ಕಷ್ಟ" ಎಂದಳು ಫಿಡೆಲ್ಮಾ. ನೋರೀನ್ ಬಾನೋಗ್‌ನ ಕುತ್ತಿಗೆ ತಬ್ಬಿಕೊಂಡು ಬಿಕ್ಕಿದಳು.

ತಿರುಗಿದರೆ ಗೋಡೆಯಾಚೆಯಿಂದ ಬಂದಿದ್ದ ಅಟ್ರಾಕ್ಟಾ ಪರದೆಯನ್ನೇ ನೋಡುತ್ತಿದ್ದಳು. "ನನ್ನ ಕುದುರೆ ಈ ಸಲ ಖಾಲಿ ಅಕ್ಕಾ, ಇವತ್ತೇ ಗೊತ್ತಾಯ್ತು. ಮರಿ ಹಾಕಿದ ಒಂಬತ್ತನೇ ದಿನದ ಬೆದೆಗೇ ಆತುರಪಟ್ಟು ಬೀಜದ ಕುದುರೆಗೆ ಬಿಟ್ಟೆ, ಅದು ನಿಲ್ಲೋದು ಕಡಿಮೆ. ನಿಂತಿದೆ ಅಂದ್ಕೊಂಡು ಆಗ ಸ್ಕ್ಯಾನೂ ಮಾಡಿಸಲಿಲ್ಲ."

ನೋರೀನ್‌ಗೆ ಒಂದು ಕ್ಷಣ ಹಾಲು ಕುಡಿದಷ್ಟು ಸಂತೋಷವಾಯಿತು. ಆಮೇಲೆ ಓರಗಿತ್ತಿಯ ಮುಖ ನೋಡಿದಳು. ಮೂರು ವರ್ಷ ಕನ್ನಡಿಯಲ್ಲಿ ಕಂಡದ್ದು ಇದೇ ಮುಖ.

"ಬೀಜದ ಕುದುರೆ ಪಕ್ಕದೂರಲ್ಲಿ ಇನ್ನೂ ಒಂದು ತಿಂಗಳು ಇರುತ್ತೆ" ಎಂದಳು. "ನಾಳೆಯಿಂದ ನಿನ್ನ ಕುದುರೆ ಬೆದೆ ನಾನೂ ನೋಡ್ತೀನಿ. ಹೋಗು, ತಾರೀಖು ಬರೆಯೋಕೆ ಕ್ಯಾಲೆಂಡರ್ ತಗೊಂಡು ಬಾ."

ಕುದುರೆ ಸಾಕುವವರೇ, ನಿಮ್ಮ ಹೆಣ್ಣು ಕುದುರೆಗೆ ಬೆಳಕು ಕೊಡಿ. ಬೆದೆಯ ದಿನ ಬರೆದಿಡಿ. ಬಿಟ್ಟ ಹದಿನಾಲ್ಕರಿಂದ ಹದಿನಾರನೆಯ ದಿನದೊಳಗೆ ಸ್ಕ್ಯಾನ್ ಮಾಡಿಸಿ. ಅನುಮಾನವಿದ್ದರೆ ಪಶುವೈದ್ಯರನ್ನು ಕೇಳಿ. ಪಕ್ಕದ ಮನೆಯವರನ್ನು ಕಂಡು ಹೊಟ್ಟೆಕಿಚ್ಚಾಗುತ್ತದೆಯೇ? ಆಗಲಿ ಬಿಡಿ, ಅದು ಯಾರಿಗಿಲ್ಲ! ಆದರೆ ಇವತ್ತೇ ಹೋಗಿ ಅವರನ್ನೂ ಒಂದು ಮಾತು ಕೇಳಿ.