ಕಲ್ಲಕ್ಕನ ಪಾದ

ನಗರದ ನಟ್ಟನಡುವೆ, ಹಳೇ ಮಾರುಕಟ್ಟೆಯ ಚೌಕದಲ್ಲಿ, ಸೊಂಟದ ಮೇಲೆ ಕೊಡ ಇಟ್ಟುಕೊಂಡು ನಿಂತವಳು ಕಲ್ಲಕ್ಕ. ಆ ಕೊಡದಿಂದ ಚಿಮ್ಮಿದ ನೀರು ಹಗಲೂ ರಾತ್ರಿ ಕೆಳಗಿನ ತೊಟ್ಟಿಗೆ ಬೀಳುತ್ತಿತ್ತು. ಅವಳನ್ನು ಕಡೆದ ಶಿಲ್ಪಿಯ ಹೆಸರು ಫಲಕದಲ್ಲಿತ್ತು, ಆದರೆ ಅಜ್ಜಿ ಅದನ್ನು ನಂಬುತ್ತಿರಲಿಲ್ಲ.

"ಯಾರೂ ಕಡೆದಿಲ್ಲ ಕಣೇ. ಸಂತೇಲಿ ಮಗು ಕಳಕೊಂಡವಳು, ಕಾದೂ ಕಾದೂ ಕಲ್ಲಾದ್ಲು. ಅದಕ್ಕೇ ಕಳೆದುಹೋದವರನ್ನೆಲ್ಲ ಅವಳೇ ಕಾಯೋದು. ನೀನು ಎಲ್ಲಾದ್ರೂ ತಪ್ಪಿಸ್ಕೊಂಡ್ರೆ ಸೀದಾ ಹೋಗಿ ಅವಳ ಪಾದ ಹಿಡ್ಕೋ. ನಮ್ಮೋರು ಬರೋವರೆಗೂ ಯಾರು ಕರೆದ್ರೂ ಬಿಡಬೇಡ."

ಅಮ್ಮ ಬೆಳೆದದ್ದೂ ಈ ಮಾತು ಕೇಳಿಯೇ, ಮಗಳು ಬೆಳೆದದ್ದೂ ಈ ಮಾತು ಕೇಳಿಯೇ. ಮಗಳು ಚಿಕ್ಕವಳಿದ್ದಾಗ ಒಮ್ಮೆ ಮಾರುಕಟ್ಟೆಯಲ್ಲಿ ಕೈತಪ್ಪಿದ್ದಳು. ಜನ ಮುಟ್ಟಿ ಮುಟ್ಟಿ ನುಣುಪಾದ ಕಲ್ಲಿನ ಹೆಬ್ಬೆರಳು ಹಿಡಿದು ನಿಂತಿದ್ದವಳನ್ನು ಅಮ್ಮ ಓಡಿಬಂದು ಬಾಚಿ ತಬ್ಬಿ, ಆಮೇಲೆ ಬೆನ್ನಿಗೊಂದು ಬಿಟ್ಟಿದ್ದಳು.

ಈಗ ಕಳೆದುಹೋದವಳು ಅಮ್ಮ.

ಮಗಳು ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಅಮ್ಮನ ನೆನಪು ಹಳೇ ಬಟ್ಟೆಯ ಹಾಗೆ ಮುಟ್ಟಿದಲ್ಲೆಲ್ಲ ಹರಿಯತೊಡಗಿದಾಗ, ಅವಳ ಸ್ವೆಟರಿನ ಒಳಗೆ ವಿಳಾಸವನ್ನು ಕೆಂಪು ದಾರದಲ್ಲಿ ಹೊಲಿದಿದ್ದಳು. ಇವತ್ತು ಒಂದು ಪ್ಯಾಂಟಿಗೆ ಜಿಪ್ಪು ಕೂರಿಸಿ ತಲೆ ಎತ್ತುವಷ್ಟರಲ್ಲಿ ಬಾಗಿಲು ತೆರೆದಿತ್ತು. ಸ್ವೆಟರು ಕುರ್ಚಿಯ ಮೇಲೇ ಇತ್ತು.

ಆದರೂ ಮೊದಮೊದಲು ಧೈರ್ಯವಿತ್ತು. ಊಟ ಮಾಡಿದ್ದು ಮರೆತರೂ ಅಮ್ಮ ಕಲ್ಲಕ್ಕನ ದಾರಿ ಮರೆತವಳಲ್ಲ. ಹಿಂದೆಯೂ ಅಲ್ಲಿಯೇ ಸಿಕ್ಕಿದ್ದಳು. ಕೊರಳಲ್ಲಿ ಟೇಪು ನೇತಾಡುತ್ತಿದ್ದಂತೆಯೇ ಓಡಿದಳು.

ಚೌಕದಲ್ಲಿ ತಗಡಿನ ಬೇಲಿ ಎದ್ದಿತ್ತು. ಸಂದಿಯಲ್ಲಿ ಇಣುಕಿದಳು. ಒಣಗಿದ ತೊಟ್ಟಿ, ಬೋಳು ಪೀಠ.

"ಲಾರೀಲಿ ಹಾಕ್ಕೊಂಡು ಹೋದ್ರು ಟೈಲರಮ್ಮ," ಎಂದ ಹಣ್ಣಿನ ಗಾಡಿಯವನು. "ಕೊಡ ಬಿರುಕು ಬಿಟ್ಟಿತ್ತಲ್ಲ, ರಿಪೇರಿಗೆ. ನಿಂತೂ ನಿಂತೂ ಸಾಕಾಗಿತ್ತೇನೋ, ಹಾಯಾಗಿ ಮಲಕ್ಕೊಂಡೇ ಹೋದ್ಲು ನೋಡಿ!"

"ನಮ್ಮಮ್ಮ ಬಂದಿದ್ರಾ?"

ಅವನ ನಗು ಆರಿತು. "ನಾ ನೋಡ್ಲಿಲ್ಲಮ್ಮ. ಕ್ರೇನ್ ನೋಡೋಕೆ ಜನವೋ ಜನ."

ಬಸ್ ನಿಲ್ದಾಣ ಸುತ್ತಿದಳು. ಠಾಣೆಯಲ್ಲಿ, "ವಯಸ್ಸಾದೋರು, ಎಷ್ಟು ದೂರ ಹೋದಾರು? ಬರ್ತಾರೆ ಬಿಡಿ," ಎಂದರು. ಆಸ್ಪತ್ರೆಯಲ್ಲಿ ನರ್ಸು, "ಈಗ ತಾನೇ ಒಬ್ಬ ಅಜ್ಜೀನ ತಂದಿದಾರೆ, ನೋಡಿ," ಎಂದು ಪರದೆ ಸರಿಸಿದಳು. ಬೇರೆ ಯಾರದೋ ಅಮ್ಮ. ಹೋದ ಜೀವ ಬಂದಂತಾಯಿತು. ಮರುಕ್ಷಣ ಆ ಸಮಾಧಾನಕ್ಕೇ ನಾಚಿಕೆಯಾಯಿತು.

ಬಿಸಿಲು ಇಳಿಯುವ ಹೊತ್ತಿಗೆ ಮತ್ತೆ ಚೌಕಕ್ಕೇ ಬಂದು, ತಗಡಿಗೆ ಬೆನ್ನು ಕೊಟ್ಟು ಕುಸಿದಳು. ಇಷ್ಟು ದೊಡ್ಡ ಊರಿನಲ್ಲಿ ಅಮ್ಮನ ತಲೆಯೊಳಗೆ ಉಳಿದಿದ್ದುದು ಈ ಒಂದೇ ಜಾಗ. ಅದನ್ನೂ ಎತ್ತಿಕೊಂಡು ಹೋಗಿದ್ದರು. ಇನ್ನು ಅವಳು ಎಲ್ಲಿಗೆ ಹೋದಾಳು?

ಹಾಗೆಂದುಕೊಂಡವಳು ಥಟ್ಟನೆ ಎದ್ದಳು. ಚೌಕದ ಸುದ್ದಿಯನ್ನು ಅಜ್ಜಿ ಯಾವತ್ತು ಎತ್ತಿದ್ದಳು? ಹಿಡ್ಕೋ ಅಂದದ್ದು ಪಾದವನ್ನು. ಪಾದ ಲಾರಿ ಹತ್ತಿ ಹೋಗಿತ್ತು.

"ಲಾರಿ ಎಲ್ಲಿಗೆ ಹೋಯ್ತು?"

"ರೈಲ್ವೆ ಗೇಟಿನಾಚೆ, ನಗರಸಭೆ ಶೆಡ್ಡಿಗೆ," ಎಂದ ಗಾಡಿಯವನು.

ಶೆಡ್ಡಿನ ಕಾವಲುಗಾರ ಅವಳ ಮುಖ ಕಂಡದ್ದೇ ಬೀಗದ ಕೈ ಎತ್ತಿ ಹಣೆ ಚಚ್ಚಿಕೊಂಡ. "ಬಂದ್ರಾ ಮಾರಾಯ್ತಿ! ಲಾರಿ ಮೇಲೆ ಹುಲ್ಲಿನೊಳಗೆ ಕೂತ್ಕೊಂಡು ಬಂದಿದೆ ಈ ಅಜ್ಜಿ. ಇಳಿಸೋವಾಗಲೇ ನಮಗೆ ಗೊತ್ತಾಗಿದ್ದು. ನೀರು ಕೊಟ್ರೆ ಕುಡಿಯಲ್ಲ, ಹೆಸರು ಕೇಳಿದ್ರೆ ಹೇಳಲ್ಲ."

ತುಕ್ಕು ಹಿಡಿದ ಕಂಬಗಳ ನಡುವೆ ಕಲ್ಲಕ್ಕ ಹುಲ್ಲಿನ ಮೇಲೆ ಅಡ್ಡಲಾಗಿ ಮಲಗಿದ್ದಳು, ಮೈತುಂಬ ಹಗ್ಗ. ಅವಳ ಹೆಬ್ಬೆರಳನ್ನು ಎರಡೂ ಕೈಯಲ್ಲಿ ಹಿಡಿದು ಅಮ್ಮ ಕೂತಿದ್ದಳು. ಒಂದು ಕಾಲಲ್ಲಿ ಚಪ್ಪಲಿಯಿರಲಿಲ್ಲ.

"ಅಮ್ಮಾ! ಏಳು, ಮನೆಗೆ ಹೋಗೋಣ."

ಅಮ್ಮ ಕತ್ತೆತ್ತಿ ಅವಳನ್ನೇ ನೋಡಿದಳು. "ನೀನ್ಯಾರಮ್ಮ? ಅತ್ತೂ ಅತ್ತೂ ಮುಖ ಊದಿದೆಯಲ್ಲ. ನಾ ಬರಲ್ಲ. ನನ್ನ ಮಗಳು ಕಾಣಿಸ್ತಿಲ್ಲ. ಬಂದ್ರೆ ಇಲ್ಲಿಗೇ ಬರಬೇಕು ಅವಳು."

"ನಾನೇ ಅಮ್ಮ, ನಿನ್ನ ಮಗಳು."

ಅಮ್ಮನಿಗೆ ನಗು ಬಂತು. ಒಂದು ಕೈ ಬಿಡಿಸಿ ನೆಲದಿಂದ ಎರಡು ಮೊಳ ಎತ್ತರ ತೋರಿಸಿದಳು. "ಇಷ್ಟೇ ಇಷ್ಟಿದ್ದಾಳೆ ಅವಳು." ಆಮೇಲೆ ಇವಳ ಕೊರಳ ಟೇಪನ್ನು, ಧೂಳು ಮೆತ್ತಿದ ಕಾಲನ್ನು ನೋಡಿ ದನಿ ಇಳಿಸಿದಳು. "ನೀನೂ ತಪ್ಪಿಸ್ಕೊಂಡಿದೀಯಾ? ಬಾ, ಆ ಪಾದ ಖಾಲಿ ಇದೆ. ಗಟ್ಟಿಯಾಗಿ ಹಿಡ್ಕೋ. ಯಾರು ಕರೆದ್ರೂ ಬಿಡಬೇಡ."

ಮಗಳು ಹುಲ್ಲು ಸರಿಸಿ ಕೂತು, ಕಲ್ಲಕ್ಕನ ಇನ್ನೊಂದು ಪಾದ ಹಿಡಿದಳು. ಯಾರ ಕೈಗೂ ಎಟುಕದಿದ್ದ ಆ ಬೆರಳು ಇನ್ನೂ ಒರಟೊರಟಾಗಿತ್ತು.

ಕಾವಲುಗಾರ ಹತ್ತಿರ ಬಂದ. "ಕತ್ತಲಾಯ್ತಮ್ಮ, ಬಾಗಿಲು ಹಾಕಬೇಕು. ಇವರೇ ತಾನೇ ನಿಮ್ಮಮ್ಮ?"

ಅವಳು ಬಾಯಿ ತೆರೆಯುವ ಮೊದಲೇ ಅಮ್ಮ ಬಾಯಿ ಹಾಕಿದಳು. "ಅಲ್ಲಪ್ಪ. ಇವಳಮ್ಮ ಕಳೆದುಹೋಗಿದಾಳೆ, ಪಾಪ. ಬರೋವರೆಗೂ ಬಾಗಿಲು ಹಾಕಬೇಡ."